ಎದೆನೋವು: ಟೆನ್ಶನ್‌ನದೋ, ಹೃದಯದ್ದೋ?

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದರಂತೆ ಹೃದಯಾಘಾತದ ಸುದ್ದಿಗಳು ಬಂದದ್ದು ನಿಮಗೆ ನೆನಪಿರಬಹುದು. ಸತ್ತವರಲ್ಲಿ ಚಿಕ್ಕ ಪ್ರಾಯದವರೂ ಇದ್ದರು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಸಾಲುಗಟ್ಟಿ ನಿಂತರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕ್ಲಿನಿಕ್‌ಗಳಿಗೂ ಎದೆಯ ಮೇಲೆ ಕೈಯಿಟ್ಟುಕೊಂಡು ಬರುವವರು ಹೆಚ್ಚುತ್ತಾರೆ.

ಹಾಗೆ ಬರುವವರಲ್ಲಿ ಹೆಚ್ಚಿನವರ ಹೃದಯ ಸರಿಯಾಗಿಯೇ ಇರುತ್ತದೆ. ನಿಜವಾಗಿ ಹೃದಯದ ತೊಂದರೆ ಇರುವವರು ಎಷ್ಟೋ ಸಲ ಬರುವುದೇ ಇಲ್ಲ. ಅವರು ಮನೆಯಲ್ಲಿ ‘ಗ್ಯಾಸ್’ ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಬೆನ್ನು ತಿಕ್ಕಿಸಿಕೊಂಡು ಮಲಗಿರುತ್ತಾರೆ. ಸುಮ್ಮನೆ ಹೆದರಿ ಬಂದವರಿಗೆ ಆಗುವ ನಷ್ಟ ಒಂದಿಷ್ಟು ಹಣ, ಒಂದು ದಿನದ ಕೆಲಸ. ಮಲಗಿಬಿಟ್ಟವರಿಗೆ ಆಗುವ ನಷ್ಟ ಬೇರೆಯೇ. ಈ ಲೇಖನವನ್ನು ಓದುವಾಗ ಇದೊಂದು ನೆನಪಿರಲಿ.

ಮೊದಲು ಮಾನಸಿಕ ಒತ್ತಡದ ನೋವು ಹೇಗೆ ಬರುತ್ತದೆಂದು ನೋಡೋಣ. ‘ಏನೂ ಇಲ್ಲ, ಟೆನ್ಶನ್ ಅಷ್ಟೇ’ ಎಂದು ಹೇಳುವ ವೈದ್ಯರ ಮಾತಿನಿಂದ ರೋಗಿಗೆ ಬೇಸರವಾಗುವುದು ಸಹಜ, ಯಾಕೆಂದರೆ ನೋವು ಸುಳ್ಳಲ್ಲ. ಚಿಂತೆ, ಭಯ ಹೆಚ್ಚಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಕುತ್ತಿಗೆ, ಹೆಗಲು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಗಿಯಾಗುತ್ತವೆ. ದಿನಗಟ್ಟಲೆ ಬಿಗಿದೇ ಇದ್ದ ಸ್ನಾಯು ನೋಯದೆ ಇನ್ನೇನು? ಜೊತೆಗೆ ನಮಗೇ ತಿಳಿಯದೆ ಉಸಿರು ಬೇಗಬೇಗ ಆಡುತ್ತದೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿಯ ಸುತ್ತ, ಬೆರಳುಗಳಲ್ಲಿ ಜುಮುಜುಮು ಎನ್ನುತ್ತದೆ, ತಲೆ ತಿರುಗುತ್ತದೆ. ಕೈ ಜುಮುಗುಟ್ಟಿತೆಂದು ಹೆದರಿಕೆ ಇನ್ನಷ್ಟು ಏರುತ್ತದೆ, ಉಸಿರು ಇನ್ನಷ್ಟು ವೇಗವಾಗುತ್ತದೆ. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ.

ನೋವು ಎಲ್ಲಿ ಎಂದು ಕೇಳಿದಾಗ ಸ್ನಾಯುನೋವಿನವರು ಬೆರಳ ತುದಿಯಿಂದ ‘ಇಲ್ಲೇ’ ಎಂದು ಜಾಗ ತೋರಿಸುತ್ತಾರೆ. ಒತ್ತಿದರೆ ಆ ಜಾಗ ನೋಯುತ್ತದೆ. ಚುಚ್ಚಿದಂತೆ ಕೆಲವು ಸೆಕೆಂಡ್ ಬಂದು ಹೋಗುತ್ತದೆ, ಇಲ್ಲವೇ ಇಡೀ ದಿನ ಸಣ್ಣಗೆ ಇರುತ್ತದೆ. ನಮಾಝ್‌ನಲ್ಲಿ ಸಲಾಮ್‌ಗೆ ಕುತ್ತಿಗೆ ತಿರುಗಿಸುವಾಗ ನೋವು ಹೆಗಲಿಗೆ ಹಿಡಿದರೆ ಅದು ಬಹುತೇಕ ಕುತ್ತಿಗೆಯದ್ದು. ಸುಜೂದ್‌ಗೆ ಬಾಗಿದಾಗ ಎದೆಯ ಉರಿ ಗಂಟಲಿಗೆ ಏರಿದರೆ ಹೊಟ್ಟೆಯ ಆಮ್ಲದ್ದು; ರಮಝಾನ್‌ನಲ್ಲಿ ಇಫ್ತಾರ್‌ನ ಕರಿದ ತಿಂಡಿಗಳ ನಂತರ ಇದು ಮನೆಮನೆಯ ಕಥೆ.

ಹೃದಯದ ನೋವಿನವರು ಬೆರಳು ತೋರಿಸುವುದು ಕಡಿಮೆ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಡುತ್ತಾರೆ. ‘ನೋವು’ ಎನ್ನುವುದಕ್ಕಿಂತ ‘ಕಲ್ಲು ಇಟ್ಟ ಹಾಗೆ’, ‘ಹಿಂಡಿದ ಹಾಗೆ’ ಎನ್ನುತ್ತಾರೆ. ಅದು ಎಡಗೈಗೆ, ಕೆಲವೊಮ್ಮೆ ಎರಡೂ ಕೈಗಳಿಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೆ ಹಬ್ಬಬಹುದು. ತಣ್ಣನೆ ಬೆವರು, ವಾಂತಿ, ಏದುಸಿರು ಜೊತೆಗಿದ್ದರೆ ಯೋಚಿಸುತ್ತಾ ಕೂರಬೇಡಿ.

ಗಂಗೊಳ್ಳಿಯ ಮೀನುಗಾರ ಸಹೋದರರಿಗೆ ಇದನ್ನು ಸುಲಭದಲ್ಲಿ ಹೀಗೆ ಹೇಳಬಹುದು. ಬಲೆ ಎಳೆದ ಮರುದಿನ ಕೈ ಎತ್ತುವಾಗ ಎದೆ ನೋಯುವುದು ಸ್ನಾಯುವಿನದು. ಬಲೆ ಎಳೆಯುತ್ತಿರುವಾಗಲೇ ಎದೆ ಬಿಗಿದು, ಕೈಬಿಟ್ಟು ಕುಳಿತರೆ ನಾಲ್ಕೈದು ನಿಮಿಷದಲ್ಲಿ ಹೋಗಿ, ಮತ್ತೆ ಎಳೆದರೆ ಮತ್ತೆ ಬರುವುದು ಹೃದಯದ ರಕ್ತನಾಳ ಕಿರಿದಾದ ಸೂಚನೆ. ಮಸೀದಿಯ ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಹೋಗುವ ನೋವೂ ಅದೇ. ಇದಕ್ಕೆ ಆಂಜೈನಾ ಎನ್ನುತ್ತಾರೆ. ಕುಳಿತರೂ ಹೋಗದೆ ಹದಿನೈದು ನಿಮಿಷ ದಾಟಿದರೆ ಹೃದಯಾಘಾತವೆಂದೇ ತಿಳಿದು ಹೊರಡಬೇಕು.

ಈ ಲಕ್ಷಣಗಳನ್ನು ಓದಿ ಮನೆಯಲ್ಲೇ ತೀರ್ಪು ಕೊಡಬಾರದು. ಮುಖ್ಯವಾಗಿ ಮೂವರ ವಿಷಯದಲ್ಲಿ ಇವು ಕೈಕೊಡುತ್ತವೆ: ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಹೆಂಗಸರು. ಹಳೆಯ ಮಧುಮೇಹದಲ್ಲಿ ನರಗಳು ಮಂದವಾಗಿ ನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು. ಬರೀ ಸುಸ್ತು, ಬೆವರು, ಉಬ್ಬಸ ಅಷ್ಟೇ ಇರಬಹುದು. ಹೆಂಗಸರ ಪಾಡು ಬೇರೆ. ಗಂಡ ಗಲ್ಫ್‌ನಲ್ಲಿ, ಮಗಳ ಮದುವೆಯ ಸಾಲ, ಅತ್ತೆಯ ಆರೈಕೆ ಇವೆಲ್ಲ ಮನೆಯವರಿಗೆ ಗೊತ್ತಿರುವುದರಿಂದ ಆಕೆ ಎದೆ ಹಿಡಿದುಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಅವಳಿಗೆ ಟೆನ್ಶನ್ ಜಾಸ್ತಿ’. ಆ ಮಾತನ್ನು ಇ.ಸಿ.ಜಿ. ಆದ ಮೇಲೆ ಹೇಳಿ. ನಲವತ್ತು ದಾಟಿದವರು, ಸಕ್ಕರೆ, ಬಿ.ಪಿ. ಇರುವವರು, ಬೀಡಿ ಸಿಗರೇಟು ಸೇದುವವರು, ಮನೆತನದಲ್ಲಿ ಹೃದ್ರೋಗ ಇರುವವರು ದವಡೆಯಿಂದ ಹೊಕ್ಕುಳಿನ ನಡುವೆ ಹೊಸದಾಗಿ ಕಾಣಿಸಿದ ನೋವಿಗೆ ಮೊದಲು ಇ.ಸಿ.ಜಿ. ಮಾಡಿಸಲೇಬೇಕು.

ಒಂದು ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಆರಂಭದಲ್ಲಿ ಬದಲಾವಣೆ ಕಾಣದೇ ಇರಬಹುದು. ನೋವು ಮುಂದುವರಿದರೆ ಮತ್ತೆ ತೆಗೆಯುತ್ತಾರೆ, ಟ್ರೊಪೊನಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ‘ಇನ್ನೂ ಎರಡು ಗಂಟೆ ಇರಿ’ ಎಂದು ವೈದ್ಯರು ಹೇಳಿದರೆ ಬಿಲ್ಲಿಗಾಗಿ ಎಂದುಕೊಂಡು ಎದ್ದು ಬರಬೇಡಿ.

ಯುನಾನಿ ವೈದ್ಯನಾಗಿ ಇನ್ನೊಂದು ಮಾತು. ನಬ್ಝ್ ಅಂದರೆ ನಾಡಿ ನೋಡುವುದು ನಮ್ಮ ಪದ್ಧತಿಯ ಹೆಮ್ಮೆ. ಆದರೆ ನಾಡಿ ಹಿಡಿದು ಹೃದಯಾಘಾತ ಇಲ್ಲವೆಂದು ಯಾರೂ ಹೇಳಲಾರರು, ಹೇಳಲೂಬಾರದು. ಎಡ ಹೆಗಲು ನೋಯುತ್ತಿದೆ ಎಂದು ನೇರವಾಗಿ ಹಿಜಾಮಾಕ್ಕೆ ಬರುವವರಿದ್ದಾರೆ. ಅಂಥವರಿಗೆ ಮೊದಲು ಇ.ಸಿ.ಜಿ., ಆಮೇಲೆ ಹಿಜಾಮಾ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಹಿಜಾಮಾ ಮಾಡುವವರಿಗೆ ತಿಳಿಸಲೇಬೇಕು. ಖಮೀರಾಗಳನ್ನು ಸಕ್ಕರೆ ಪಾಕದಲ್ಲೋ ಜೇನಿನಲ್ಲೋ ಮಾಡುವುದರಿಂದ ಮಧುಮೇಹಿಗಳು ಕೇಳದೆ ತಿನ್ನಬಾರದು.

ಹಾಗೆಂದು ಒತ್ತಡಕ್ಕೂ ಹೃದಯಕ್ಕೂ ಸಂಬಂಧವಿಲ್ಲವೆಂದಲ್ಲ. ಇಬ್ನ್ ಸೀನಾ ಸಾವಿರ ವರ್ಷ ಹಿಂದೆ ಹೃದಯದ ಔಷಧಿಗಳ ಮೇಲೆಯೇ ಬೇರೆ ಗ್ರಂಥ ಬರೆದು, ಅದರಲ್ಲಿ ಸಂತೋಷ, ದುಃಖಗಳನ್ನೂ ಚರ್ಚಿಸಿದ್ದರು. ಆರೋಗ್ಯಕ್ಕೆ ಅಗತ್ಯವೆಂದು ಯುನಾನಿ ಎಣಿಸುವ ಆರು ಸಂಗತಿಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವೂ ಹೃದಯಾಘಾತದ ಒಂಬತ್ತು ಕಾರಣಗಳಲ್ಲಿ ಮಾನಸಿಕ ಒತ್ತಡವನ್ನು ಸೇರಿಸಿದೆ. ಜಪಾನಿನ ವೈದ್ಯರು 1990ರಲ್ಲಿ ಟಕೋಟ್ಸುಬೊ ಎಂಬ ಸ್ಥಿತಿಯನ್ನು ವಿವರಿಸಿದರು. ಆಪ್ತರ ಸಾವಿನಂಥ ಆಘಾತದಿಂದ ಹೃದಯದ ಒಂದು ಭಾಗ ಉಬ್ಬಿ ದುರ್ಬಲವಾಗುತ್ತದೆ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ. ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರ ಕಂಡು ಅಲ್ಲಿಯವರು ಆ ಹೆಸರಿಟ್ಟರು! ಲಕ್ಷಣಗಳು ಹೃದಯಾಘಾತದಂತೆಯೇ, ಆಸ್ಪತ್ರೆಯೂ ಅಷ್ಟೇ ಅಗತ್ಯ.

ನೋವು ಬಂದರೆ ಏನು ಮಾಡಬೇಕು? ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿಸಿ. ತಾನೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಪಕ್ಕದ ಮನೆಯವರ ನಾಲಿಗೆಯಡಿ ಇಡುವ ಮಾತ್ರೆಯನ್ನು ಸಾಲ ತಂದು ಹಾಕಬೇಡಿ, ಬಿ.ಪಿ. ಒಮ್ಮೆಲೇ ಕುಸಿಯಬಹುದು. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರ್. ಅಷ್ಟು ದೂರ ಹೋಗಿಯೇ ಮೊದಲ ಇ.ಸಿ.ಜಿ. ಮಾಡಿಸಬೇಕೆಂದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಸರಕಾರದ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತಾರೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಒದಗಿಸಿ, ವಾಟ್ಸ್‌ಆ್ಯಪ್ ಮೂಲಕ ಸಲಹೆ ಕೊಡುವ ವ್ಯವಸ್ಥೆಯನ್ನೂ ಕಟ್ಟಿದ್ದಾರೆ. ನಿಮಗೆ ಹತ್ತಿರದ ಯಾವ ಕೇಂದ್ರದಲ್ಲಿ ಯಂತ್ರವಿದೆ, ರಾತ್ರಿಯೂ ತೆಗೆಯುತ್ತಾರೆಯೇ, ಇಂಜೆಕ್ಷನ್ ಇದೆಯೇ ಎಂದು ಎಲ್ಲರೂ ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ.

ಪರೀಕ್ಷೆಗಳೆಲ್ಲ ಸರಿಯಿದ್ದು ಒತ್ತಡದ ನೋವೆಂದು ಖಚಿತವಾದವರು ಪದೇಪದೇ ಸ್ಕ್ಯಾನಿಂಗ್‌ಗೆ ಓಡಬೇಕಿಲ್ಲ. ಹೆಗಲಿಗೆ ಬಿಸಿ ಶಾಖ, ಎಣ್ಣೆಯ ಹದವಾದ ಮಾಲೀಶು, ದಿನಕ್ಕೆ ಅರ್ಧ ಗಂಟೆ ನಡಿಗೆ, ರಾತ್ರಿ ಮೊಬೈಲ್ ದೂರವಿಟ್ಟು ನಿದ್ದೆ. ಗಾಬರಿ ಏರಿದಾಗ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರೆಳೆದು, ಆರು ಎಣಿಸುತ್ತಾ ನಿಧಾನ ಬಿಡಿ. ಐದು ನಿಮಿಷ ಸಾಕು. ಎರಡು ವಾರದಲ್ಲೂ ಕಡಿಮೆಯಾಗದೆ ನಿದ್ದೆ, ಊಟ ಕೆಟ್ಟರೆ ಮನೋವೈದ್ಯರನ್ನು ಕಾಣಲು ನಾಚಿಕೆ ಬೇಡ. ಸರಿಯಿದ್ದ ಆ ಇ.ಸಿ.ಜಿ. ಕಾಗದವನ್ನು ಎಸೆಯಬೇಡಿ. ಅದರ ಬರಹ ಕಾಲಕ್ರಮೇಣ ಮಾಸುವುದರಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಮುಂದೊಮ್ಮೆ ನೋವು ಬಂದಾಗ ಹೊಸದನ್ನು ಅದರೊಂದಿಗೆ ಹೋಲಿಸಿ ನೋಡಲು ವೈದ್ಯರಿಗೆ ಬೇಕಾಗುತ್ತದೆ.