ಹೆರ್ನ್‌ಹೂಟ್ ಊರಿನ ಕ್ರಿಸ್ಮಸ್ ಸಾಯಂಕಾಲ

(ಕುಟುಂಬಗಳಿಗಾಗಿ ಪಾಠ)

ಓದತಕ್ಕ ವೇದಭಾಗಗಳು: ಲೂಕ 2:1–20, ಯೋಹಾನ 1:1–9.

ಕರ್ತನ ಜನನದ ಹಬ್ಬವು ಸಮೀಪಿಸುವಾಗ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚುತ್ತದೆ. ಹೊಸ ಬಟ್ಟೆಯಿಲ್ಲದೆ ದೇವಾಲಯಕ್ಕೆ ಹೋಗುವುದು ಹೇಗೆ? ನೆಂಟರಿಗೆ ಔತಣ ಮಾಡದಿದ್ದರೆ ಊರವರು ಏನನ್ನುವರು? ಹೀಗೆಂದು ಕೆಲವರು ಬಡ್ಡಿಗೆ ಸಾಲ ತರುತ್ತಾರೆ. ಕೆಲವರು ನಾಚಿ ಮನೆಯಲ್ಲಿಯೇ ಉಳಿಯುತ್ತಾರೆ. ಇಂಥವರಿಗೆ ದೂರದೇಶದ ಒಂದು ಸಣ್ಣ ಊರಿನ ಹಳೆಯ ಪದ್ಧತಿಯು ಒಳ್ಳೇ ಬುದ್ಧಿಯನ್ನು ಕಲಿಸುತ್ತದೆ.

1. ಊರಿನ ವೃತ್ತಾಂತ. ಜರ್ಮನಿಯ ಸಾಕ್ಸನಿ ಸೀಮೆಯಲ್ಲಿ ಹೆರ್ನ್‌ಹೂಟ್ ಎಂಬ ಊರಿದೆ. ನಂಬಿಕೆಯ ನಿಮಿತ್ತ ಹಿಂಸೆಪಟ್ಟು ಮೊರಾವಿಯ ದೇಶವನ್ನು ಬಿಟ್ಟುಬಂದವರು 1722ರಲ್ಲಿ ಝಿಂಝೆಂಡಾರ್ಫ್ ಪ್ರಭುವಿನ ಭೂಮಿಯಲ್ಲಿ ಇದನ್ನು ಕಟ್ಟಿದರು. ಕ್ರಿಸ್ಟಿಯಾನ್ ದಾವಿದ್ ಎಂಬ ಬಡಗಿಯು ಮೊದಲನೆಯ ಮರವನ್ನು ಕಡಿದನು. ಹತ್ತು ವರುಷಗಳ ನಂತರ, ಅಂದರೆ 1732ರಲ್ಲಿ, ಈ ಬಡ ಸಭೆಯಿಂದ ಒಬ್ಬ ಕುಂಬಾರನೂ ಒಬ್ಬ ಬಡಗಿಯೂ ವೆಸ್ಟ್ ಇಂಡೀಸ್ ದ್ವೀಪದ ದಾಸರಿಗೆ ಸುವಾರ್ತೆ ಸಾರಲು ಹೊರಟರು.

2. ಮಕ್ಕಳ ದೀಪ. ಈ ಸಭೆಯವರು ಮರಿಯೆನ್‌ಬಾರ್ನ್ ಎಂಬಲ್ಲಿ ಕೂಡಿದ್ದಾಗ, 1747ನೆಯ ಡಿಸೆಂಬರ್ 20ರಂದು, ಯೊಹಾನೆಸ್ ಫಾನ್ ವಾಟೆವಿಲ್ ಎಂಬ ಸಭಾಪಾಲಕನು ಮಕ್ಕಳಿಗೆ ಯೇಸುವಿನ ಜನನದ ಅರ್ಥವನ್ನು ತಿಳಿಸಿದನು. ಕರ್ತನು ಹೃದಯದಲ್ಲಿ ಹೊತ್ತಿಸುವ ಜ್ವಾಲೆಯ ಗುರುತಾಗಿ ಪ್ರತಿಯೊಂದು ಮಗುವಿಗೂ ಕೆಂಪು ಪಟ್ಟಿ ಸುತ್ತಿದ, ಉರಿಯುವ ಚಿಕ್ಕ ಮೇಣದ ಬತ್ತಿಯನ್ನು ಕೊಟ್ಟನು. ಆ ಪದ್ಧತಿಯು ಮೊರಾವಿಯ ಸಭೆಗಳಲ್ಲಿ ಇಂದಿಗೂ ಉಳಿದಿದೆ. ಕ್ರಿಸ್ಮಸ್ ಹಿಂದಿನ ಸಾಯಂಕಾಲ ತಂದೆತಾಯಿಗಳು ಮಕ್ಕಳ ಕೈಹಿಡಿದು ಆರಾಧನೆಗೆ ಬರುತ್ತಾರೆ. ಧನಿಕನ ಮಗುವಿಗೂ ಕೂಲಿಯವನ ಮಗುವಿಗೂ ಸಿಕ್ಕುವ ಬತ್ತಿ ಒಂದೇ.

3. ಪ್ರೇಮಭೋಜನ. ಈ ಸಭೆಗಳ ಹಬ್ಬಗಳಲ್ಲಿ ಪ್ರೇಮಭೋಜನವೂ ಉಂಟು. ಅದು ಕರ್ತನ ರಾತ್ರಿಭೋಜನದ ಸಂಸ್ಕಾರವಲ್ಲ; ಎಲ್ಲರೂ ಸಾಲಾಗಿ ಕುಳಿತು, ಹಾಡುತ್ತಾ, ಸಣ್ಣ ರೊಟ್ಟಿಯನ್ನು ತಿಂದು, ಚಹವನ್ನೋ ಕಾಫಿಯನ್ನೋ ಕುಡಿಯುವುದಷ್ಟೇ. ಇದಕ್ಕೆ ಯಾರೂ ಸಾಲ ಮಾಡಬೇಕಾಗಿಲ್ಲ.

4. ನಕ್ಷತ್ರ. ನಮ್ಮ ಮನೆಗಳ ಮುಂದೆ ತೂಗುವ ನಕ್ಷತ್ರದಂತೆ ಅಲ್ಲಿಯೂ ನಕ್ಷತ್ರವನ್ನು ಕಟ್ಟುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಸಭೆಯವರ ವಸತಿಶಾಲೆಗಳ ಹುಡುಗರು ರೇಖಾಗಣಿತದ ಅಭ್ಯಾಸಕ್ಕಾಗಿ ಅದನ್ನು ಕಾಗದದಿಂದ ಮಾಡಿದರು. ಮಿಷನೆರಿಗಳ ಮಕ್ಕಳು ಅನೇಕರು ತಂದೆತಾಯಿಗಳಿಂದ ಅಗಲಿ ಈ ಸಭೆಯವರ ಶಾಲೆಗಳಲ್ಲಿ ಬೆಳೆಯುತ್ತಿದ್ದರು. ಅವರೂ ಈ ನಕ್ಷತ್ರವನ್ನು ಕಟ್ಟುತ್ತಿದ್ದರು.

5. ಬೂದಿಯೊಳಗಿಂದ. 1945ನೆಯ ಮೇ ತಿಂಗಳಲ್ಲಿ, ಮಹಾಯುದ್ಧದ ಕೊನೆಯ ದಿನಗಳಲ್ಲಿ, ಊರು ಬೆಂಕಿಗೆ ತುತ್ತಾಗಿ ದೇವಾಲಯವು ಸುಟ್ಟುಹೋಯಿತು. 1953ರಲ್ಲಿ ಅದು ಪುನಃ ನಿಂತಿತು. ಕಟ್ಟಡ ಸುಟ್ಟರೂ ಹಬ್ಬ ಅಳಿಯಲಿಲ್ಲ; ಯಾಕಂದರೆ ಹಬ್ಬದ ಬೇರು ಕಟ್ಟಡದಲ್ಲಿ ಇರಲಿಲ್ಲ.

ಅನ್ವಯ. ನಮ್ಮ ಕರ್ತನು ಗೋದಲಿಯಲ್ಲಿ ಮಲಗಿದನು. ಆತನನ್ನು ಮೊದಲು ಕಂಡವರು ಕುರಿಕಾಯುವವರು. ಅವರು ಬಟ್ಟೆ ಬದಲಿಸಲು ನಿಲ್ಲದೆ ಅವಸರವಾಗಿ ಹೋದರು. ಆದಕಾರಣ, ತಂದೆಗಳೇ, ಈ ವರುಷ ಸಾಹುಕಾರನ ಬಾಗಿಲಿಗೆ ಹೋಗುವ ಮೊದಲು ಮನೆಯವರೊಂದಿಗೆ ಮೊಣಕಾಲೂರಿರಿ. ಹಿರಿಯರೇ, ಹಳೆಯ ಸೀರೆಯುಟ್ಟ ವಿಧವೆಯನ್ನು ಕರೆದುತಂದು ನಿಮ್ಮ ಪಕ್ಕದಲ್ಲಿ ಕೂಡ್ರಿಸಿರಿ. ಸಭೆಯವರು ಹಿಡಿಹಿಡಿ ಅಕ್ಕಿಬೆಲ್ಲ ಕೂಡಿಸಿದರೆ ಎಲ್ಲರಿಗೂ ಒಂದೇ ಪಂಕ್ತಿಯ ಊಟವಾಗುವುದು. ತಾಯಂದಿರೇ, ಮಗುವಿನ ಕೈಯಲ್ಲಿ ಒಂದು ಹಣತೆಯನ್ನಾದರೂ ಕೊಟ್ಟು ಅದರ ಅರ್ಥವನ್ನು ಹೇಳಿರಿ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು:
1) ಹೆರ್ನ್‌ಹೂಟನ್ನು ಕಟ್ಟಿದವರು ಯಾರು? ಅವರು ಸ್ವದೇಶವನ್ನು ಬಿಟ್ಟದ್ದೇಕೆ?
2) ಮಕ್ಕಳಿಗೆ ಕೊಟ್ಟ ದೀಪವು ಯಾವುದರ ಗುರುತು?
3) ನಮ್ಮ ಸಭೆಯಲ್ಲಿ ಹಬ್ಬದ ದಿನ ಬಾರದೆ ಉಳಿಯುವವರು ಯಾರು? ಅವರನ್ನು ಕರೆತರುವವರು ಯಾರು?

ಪ್ರಾರ್ಥನೆ: ಲೋಕದ ಬೆಳಕಾದ ಕರ್ತನೇ, ನಮ್ಮ ಮನೆಯನ್ನು ಸಾಲದಿಂದಲೂ ಡಂಭದಿಂದಲೂ ಕಾಪಾಡಿ, ನಮ್ಮ ಹೃದಯಗಳಲ್ಲಿ ನಿನ್ನ ದೀಪವನ್ನು ಹೊತ್ತಿಸು. ಆಮೆನ್.