ಮುತ್ತಜ್ಜನ ಡೆಸ್ಕಿಗೆ ಪಾಲಿಶ್ ಬೇಡ

ತಮ್ಮಾ, ವಾಟಣಿಯಲ್ಲಿ ಮುತ್ತಜ್ಜನ ಡೆಸ್ಕು ನಿನ್ನ ಪಾಲಿಗೆ ಬಂದಿದೆ. ಬಡಿಗನನ್ನು ಕರೆಸಿ ಕೀಸಿಸಬೇಕು, ಪಾಲಿಶ್ ಹೊಡೆಸಬೇಕು, ಹೊಸ ಹಿಡಿಕೆ ಹಾಕಿಸಬೇಕು ಎಂಬ ಉಮೇದು ನಿನಗೆ ಬಂದೇ ಬರುತ್ತದೆ. ಸ್ವಲ್ಪ ತಡೆದುಕೋ. ಅದು ಯಾರದು, ಯಾವ ಕಾಲದ್ದು ಎನ್ನುವುದಕ್ಕೆ ಸಾಕ್ಷಿ ಇರುವುದೇ ಆ ಕೊಳೆ, ಮಸಿ ಕಲೆ, ಗೀರುಗಳಲ್ಲಿ. ಕೀಸುಳಿ ಒಮ್ಮೆ ಆಡಿತೆಂದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಇಳಿಯಿತು. ಒಣ ಬಟ್ಟೆಯಿಂದ ಧೂಳು ಒರೆಸು, ಸದ್ಯಕ್ಕೆ ಅಷ್ಟು ಸಾಕು.

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳೇ ಮನೆಗಳಲ್ಲಿ ಹೆಚ್ಚಾಗಿ ಎರಡು ಬಗೆ ಕಾಣುತ್ತವೆ. ಗಾದಿಯ ಮೇಲೆ ಕೂತು ಬರೆಯುವ, ಇಳಿಜಾರು ಮುಚ್ಚಳದ ಗಿಡ್ಡ ಡೆಸ್ಕು ಒಂದು. ಇದು ಕುಲಕರ್ಣಿಯದೋ ಅಡತಿ ಅಂಗಡಿಯ ದಿವಾಣಜಿಯದೋ ಇರಬೇಕು. ಎತ್ತರದ ಕಾಲು, ಸಾಲು ಡ್ರಾವರುಗಳ ಟೇಬಲ್ಲು ಇನ್ನೊಂದು. ಅದು ಕುರ್ಚಿಯ ಮೇಲೆ ಕೂರುತ್ತಿದ್ದ ವಕೀಲರ, ಸರಕಾರಿ ನೌಕರರ ಪೈಕಿ. ಮುಂಬಯಿ ಸರಕಾರ 1950ರಲ್ಲಿ ಕಾಯ್ದೆ ಮಾಡಿ ಕುಲಕರ್ಣಿ ವತನ ತೆಗೆದುಹಾಕಿತು, 1951ರ ಮೇ 1ರಿಂದ ಅದು ಜಾರಿಗೆ ಬಂತು. ಲೆಕ್ಕ ಬರೆಯುವ ಕೆಲಸ ತಪ್ಪಿದ ಮೇಲೆ ಗಿಡ್ಡ ಡೆಸ್ಕುಗಳು ಅಟ್ಟ ಸೇರಿದವು, ಕೆಲವು ಒಲೆಯನ್ನೂ ಸೇರಿದವು. ನಿಮ್ಮ ಮನೆಯದು ಉಳಿದದ್ದೇ ದೊಡ್ಡದು.

ಖಾನೆಗಳನ್ನು ಪೂರ್ತಿ ಹೊರಗೆಳೆದು ತಳ, ಬೆನ್ನು, ಸಂದಿ ಎಲ್ಲ ನೋಡು. ಒಂದೇ ಒಂದು ಹರಕು ಕಾಗದ ಸಿಕ್ಕರೂ ಎಸೆಯಬೇಡ. ಅದರಲ್ಲಿ ‘ಕೋಡ ತಾಲೂಕು’ ಎಂದಿದ್ದರೆ ಯಾವುದೋ ಪರವೂರು ಎಂದುಕೊಳ್ಳಬೇಡ. ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯಲ್ಲಿ ಕೋಡ ತಾಲೂಕಿನ ಕಚೇರಿ ಇದ್ದದ್ದು ಹಿರೇಕೆರೂರಿನಲ್ಲಿ, ಬಂಕಾಪುರ ತಾಲೂಕಿನದು ಶಿಗ್ಗಾವಿಯಲ್ಲಿ. ಹಾನಗಲ್ಲಿಗೆ ಮಾತ್ರ ಆಗಲೂ ಹಾನಗಲ್ಲ ಎಂದೇ ಹೆಸರು. ಸವಣೂರಿನ ಲೆಕ್ಕವೇ ಬೇರೆ: 1948ರಲ್ಲಿ ವಿಲೀನವಾಗುವವರೆಗೂ ಅದು ನವಾಬರ ಸಂಸ್ಥಾನ. ಅಲ್ಲಿಯ ಡೆಸ್ಕಿನಲ್ಲಿ ಉರ್ದು ಕಾಗದ ಸಿಕ್ಕರೆ ಬೆರಗಾಗಬೇಡ. ಹಾವೇರಿ ಜಿಲ್ಲೆ ಎಂದು ಬರೆದಿದ್ದರಂತೂ ಅದು 1997ರ ಈಚಿನದು, ನಿಮ್ಮಪ್ಪ ಇಟ್ಟದ್ದೇ ಇರಬೇಕು. ಛಾಪಾ ಕಾಗದದಲ್ಲಿ ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಅದು ಸುಮಾರು 1901ರ ಒಳಗಿನದು. ಒಂದು ಎಚ್ಚರಿಕೆ ಇರಲಿ: ಹೊಸ ಡೆಸ್ಕಿನಲ್ಲೂ ಹಳೇ ಕಾಗದ ಇಡುತ್ತಾರೆ. ಕಾಗದದ ಮಾತಿಗೆ ಕಟ್ಟಿಗೆಯೂ ಹೌದು ಎನ್ನಬೇಕು.

ಕಟ್ಟಿಗೆಯನ್ನು ಕೇಳಬೇಕಾದರೆ ಬ್ಯಾಟರಿ ಹಿಡಿದು ಅಡಿಗೆ ಮಲಗು. ಮೂಲೆಗಳು ಎರಡೂ ಕೈಯ ಬೆರಳು ಹೆಣೆದಂತೆ ಕೂಡಿವೆಯೇ, ಆ ಹೆಣಿಗೆಗಳು ಒಂದೊಂದು ಒಂದೊಂದು ಅಳತೆಯವೇ? ಹಾಗಿದ್ದರೆ ಕೈಯಲ್ಲಿ ಮಾಡಿದ್ದು. ಗರಗಸದ ಗೀರು ನೇರವಾಗಿ, ಏರುಪೇರಾಗಿ ಇದ್ದರೆ ಆಳು ಎಳೆದ ಗರಗಸ. ಕಮಾನಿನಂತೆ ಬಾಗಿದ್ದರೆ ಮಿಲ್ಲಿನಲ್ಲಿ ಕೊಯ್ದ ಹಲಗೆ. ಕಮ್ಮಾರ ಬಡಿದ ಚೌಕು ಮೊಳೆ ಹಳೆಯದು. ತಂತಿ ಕಡಿದು ಮಾಡಿದ ದುಂಡು ಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಸ್ಕ್ರೂ ತಲೆಯಲ್ಲಿ ಕೂಡಿಸುವ ಗುರುತಿನಂಥ ಸೀಳು ಇದ್ದರೆ ಅದು 1930ರ ದಶಕಕ್ಕಿಂತ ಹಿಂದಿನದಲ್ಲ. ಕೀಲಿಯ ಮೇಲೆ ಗೋದ್ರೇಜ್ ಎಂದಿದ್ದರೆ ಆ ಕಂಪನಿ ಶುರುವಾದದ್ದೇ 1897ರಲ್ಲಿ ಎಂಬುದು ನೆನಪಿರಲಿ. ಆದರೆ ಕೀಲಿಯನ್ನೂ ಮೊಳೆಯನ್ನೂ ಆಮೇಲೆ ಬದಲಿಸಿರಬಹುದು. ಪಕ್ಕದಲ್ಲಿ ಮುಚ್ಚಿದ ಹಳೇ ಕೀಲಿಕಿಂಡಿ, ಖಾಲಿ ಮೊಳೆತೂತು ಕಂಡರೆ ಅದೇ ಸುಳಿವು. ಖಾನೆಯ ತಳಕ್ಕೆ ಪ್ಲೈವುಡ್ ಹಾಕಿದ್ದರೆ ರಿಪೇರಿ ಆಗಿದೆ ಎಂದು ತಿಳಿ.

ಸಾಗವಾನಿಯೋ ಬೀಟೆಯೋ ಹಲಸೋ ಎಂಬುದನ್ನು ಊರಿನ ಹಿರಿಯ ಬಡಿಗ ಒಂದೇ ನೋಟಕ್ಕೆ ಹೇಳುತ್ತಾನೆ. ಹೇಳಲಿ, ಉಳಿ ಮಾತ್ರ ಹಚ್ಚದಿರಲಿ. ಹೋಲಿಸಿ ನೋಡಲು ಹಳೇ ಸಾಮಾನು ಬೇಕೆಂದರೆ ಶಿಗ್ಗಾವಿ ಹತ್ತಿರದ ಗೊಟಗೋಡಿಗೆ ಹೋಗು, ಜಾನಪದ ವಿಶ್ವವಿದ್ಯಾಲಯ ಅಲ್ಲೇ ಇದೆ.

ಇನ್ನು ಬೆಲೆ. ಬಾಗಿಲಿಗೆ ಬಂದ ಗುಜರಿಯವನು ಕಟ್ಟಿಗೆಯ ಲೆಕ್ಕದಲ್ಲಿ ಕೇಳುತ್ತಾನೆ, ಹಳೇ ಸಾಮಾನಿನ ವ್ಯಾಪಾರಿ ಸಾಮಾನಿನ ಲೆಕ್ಕದಲ್ಲಿ ಕೇಳುತ್ತಾನೆ. ಇಬ್ಬರೂ ಕೊಳ್ಳುವವರು, ಬೆಲೆ ಕಟ್ಟುವ ಕೆಲಸ ಅವರಿಗೆ ಒಪ್ಪಿಸಬಾರದು. ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಅಡಿ, ಕೀಲಿ, ಮೂಲೆಗಳ ಫೋಟೋ ತೆಗೆ, ಅಳತೆ ಬರೆದಿಡು, ಮೂರ್ನಾಲ್ಕು ಕಡೆ ಬೇರೆ ಬೇರೆಯಾಗಿ ವಿಚಾರಿಸು. ಮೂಲದ ಹಿತ್ತಾಳಿ ಹಿಡಿಕೆ, ಬಿಜಾಗರಿ, ಬೀಗದ ಕೈ ಇದ್ದರೆ ಬೆಲೆ ಏರುತ್ತದೆ. ಯಾರ ಮನೆಯದು, ಯಾವ ಊರಿನ ದಫ್ತರದ್ದು ಎಂದು ಕಾಗದ ತೋರಿಸಿ ಹೇಳಬಲ್ಲೆಯಾದರೆ ಇನ್ನೂ ಏರುತ್ತದೆ. ಸುಳ್ಳು ವಯಸ್ಸು ಮಾತ್ರ ಹೇಳಬೇಡ. ನಮ್ಮ ಕಡೆಯ ಬಹಳಷ್ಟು ಟೇಬಲ್ಲುಗಳು ‘ನೂರೈವತ್ತು ವರ್ಷದ್ದು’ ಎನ್ನಿಸಿಕೊಂಡೇ ಹುಟ್ಟುತ್ತವೆ!

ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಪುರಾವಸ್ತುವಾಗುತ್ತದೆ. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಅಮೆರಿಕದ ಮಗಳಿಗೆ ಕಳಿಸುತ್ತೇನೆ ಎಂದು ಹೊರಡುವ ಮೊದಲು ಇದನ್ನು ವಿಚಾರಿಸು. ಮಹತ್ವದ ಹಸ್ತಪ್ರತಿಗಾದರೆ 75 ವರ್ಷವೇ ಸಾಕು.

ಮರಾಠಿಯ ಹಳೇ ಮೋಡಿ ಲಿಪಿಯ ಕಾಗದ ಸಿಕ್ಕರೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸು. 1939ರಿಂದ ಇರುವ ಸಂಸ್ಥೆ, ದಾರಿ ತೋರಿಸಿಯಾರು. ಡೆಸ್ಕು ಇಡಲು ಮನೆಯಲ್ಲಿ ಜಾಗವಿಲ್ಲದಿದ್ದರೆ ಮಾರು, ಅದರಲ್ಲಿ ತಪ್ಪಿಲ್ಲ. ಕಾಗದಗಳನ್ನು ಮಾತ್ರ ಓದಿಸದೆ, ಫೋಟೋ ತೆಗೆಯದೆ ಅದರ ಜೊತೆ ಕೊಟ್ಟುಬಿಡಬೇಡ.