ತರಗತಿಯಲ್ಲಿ ಲೇಖ್ಯದರ್ಶಕ: ಛಾವಣಿಯ ಕ್ಯಾಮೆರಾದ ಸ್ಥಾಪನೆ ಮತ್ತು ಸುರಕ್ಷಿತ ಬಳಕೆಯನ್ನು ಕುರಿತು

ಓಲೆಗರಿಯ ಕಟ್ಟೊಂದನ್ನು ಐವತ್ತು ಜನ ವಿದ್ಯಾರ್ಥಿಗಳ ಎದುರಿಗೆ ಬಿಚ್ಚಿ ತೋರಿಸಬೇಕಾಗಿ ಬಂದ ಅಧ್ಯಾಪಕನ ಸಂಕಟವನ್ನು ಕನ್ನಡ ಪಾಠ ಹೇಳಿದವರೆಲ್ಲರೂ ಬಲ್ಲರು. ಕೈಯಿಂದ ಕೈಗೆ ದಾಟಿಸಿದರೆ ಗರಿಯ ಅಂಚು ಮುರಿಯುತ್ತದೆ. ದಾಟಿಸದೆ ಮೇಜಿನ ಮೇಲೆಯೇ ಇರಿಸಿಕೊಂಡರೆ ಮೊದಲ ಸಾಲಿನ ನಾಲ್ವರನ್ನು ಬಿಟ್ಟು ಮಿಕ್ಕವರಿಗೆ ಅದು ಕಂದುಬಣ್ಣದ ಒಂದು ಪಟ್ಟಿಯಾಗಿ ಮಾತ್ರ ಕಾಣುತ್ತದೆ. ಮುರಿದ ಗರಿಯನ್ನು ಮತ್ತೆ ಬೆಸೆಯುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲ. ಅದರಲ್ಲಿದ್ದ ಸಾಲಿಗೆ ಬೇರೊಂದು ಪ್ರತಿ ಇಲ್ಲದೆ ಹೋದರೆ ಆ ಸಾಲು ಲೋಕದಿಂದಲೇ ಹೋದಂತೆ. ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಯ ಕಟ್ಟುಗಳನ್ನು ಒಟ್ಟುಗೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತರದೆ ಇದ್ದಿದ್ದರೆ ಎಷ್ಟು ವಚನಗಳು ಅಟ್ಟದ ಮೇಲೆಯೇ ಗೆದ್ದಲಿಗೆ ಆಹಾರವಾಗುತ್ತಿದ್ದುವೋ ಊಹಿಸಿಕೊಳ್ಳಬಹುದು. ಇಂತಹ ವಸ್ತುವನ್ನು ಮುಟ್ಟದೆ ಎಲ್ಲರಿಗೂ ತೋರಿಸುವ ಸಾಧನವೊಂದು ಈಗ ಶಾಲೆಗಳ ಕೈಗೆಟಕುವಂತಾಗಿದೆ. ಅದನ್ನು ಕೊಳ್ಳುವುದಕ್ಕಿಂತ ಸರಿಯಾಗಿ ನಿಲ್ಲಿಸುವುದು ಕಷ್ಟ. ಆದಕಾರಣ ಈ ಲೇಖನ.

ವ್ಯವಹಾರದಲ್ಲಿ ಇದನ್ನು ಡಾಕ್ಯುಮೆಂಟ್ ಕ್ಯಾಮೆರಾ ಎನ್ನುತ್ತಾರೆ, ಕೆಲವರು ವಿಷುಯಲೈಜರ್ ಎನ್ನುವುದೂ ಉಂಟು. ಕನ್ನಡದಲ್ಲಿ ‘ಲೇಖ್ಯದರ್ಶಕ’ ಎಂದು ಕರೆಯಬಹುದೆಂದು ನನ್ನ ಸೂಚನೆ. ಲೇಖ್ಯವೆಂದರೆ ಬರೆದ ಪತ್ರ; ಸ್ಮೃತಿಗಳ ವ್ಯವಹಾರ ಪ್ರಕರಣಗಳಲ್ಲಿ ಸಾಕ್ಷ್ಯದ ಒಂದು ಬಗೆಯಾಗಿ ಈ ಶಬ್ದ ಬರುತ್ತದೆ. ದರ್ಶಕ ಎಂಬುದಕ್ಕೆ ನೋಡುವವನು, ತೋರಿಸುವವನು ಎಂಬ ಎರಡು ಅರ್ಥಗಳೂ ಸಲ್ಲುತ್ತವೆ. ಈ ಯಂತ್ರ ಮಾಡುವುದೂ ಆ ಎರಡನ್ನೇ. ಆದರೆ ಅಂಗಡಿಯಲ್ಲಿ ಈ ಹೆಸರು ಹೇಳಿ ಕೇಳಿದರೆ ಯಾರೂ ಕೊಡಲಾರರು ಎಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ಹಿಂದಿನ ಕಾಲದ ಎಪಿಡಯಾಸ್ಕೋಪನ್ನು ಹಿರಿಯ ಅಧ್ಯಾಪಕರು ನೆನೆಯಬಹುದು. ಉರಿಯುವ ದೀಪದ ಬೆಳಕನ್ನು ಪುಸ್ತಕದ ಹಾಳೆಯ ಮೇಲೆ ಕೆಡವಿ, ಅದರ ಪ್ರತಿಫಲನವನ್ನು ಕನ್ನಡಿ ಮತ್ತು ಮಸೂರಗಳ ಮೂಲಕ ತೆರೆಗೆ ಹಾಯಿಸುತ್ತಿದ್ದ ಯಂತ್ರವದು. ಕೋಣೆ ಕಗ್ಗತ್ತಲಾಗಿರಬೇಕಿತ್ತು, ಹಾಳೆ ಕಾಯುತ್ತಿತ್ತು. ಅನಂತರ ಬಂದ ಓವರ್‌ಹೆಡ್ ಪ್ರೊಜೆಕ್ಟರಿಗೆ ಪಾರದರ್ಶಕ ಹಾಳೆಯ ಮೇಲೆ ಮೊದಲೇ ಬರೆದುಕೊಂಡು ಬರಬೇಕಾಗಿತ್ತು. ಮೂಲವಸ್ತುವನ್ನೇ ಇಟ್ಟು ಕ್ಯಾಮೆರಾದಿಂದ ತೋರಿಸುವ ಉಪಕರಣವು 1988ರಲ್ಲಿ ಜರ್ಮನಿಯ ಫೋಟೋಕಿನಾ ಪ್ರದರ್ಶನದಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಎರಡು ಜಾತಿ. ಮೇಜಿನ ಮೇಲೆ ತೋಳಿನಂತೆ ಬಾಗಿ ನಿಲ್ಲುವುದು ಒಂದು, ಛಾವಣಿಯಿಂದ ನೇರ ಕೆಳಕ್ಕೆ ನೋಡುವುದು ಇನ್ನೊಂದು.

ಮೇಜಿನ ಜಾತಿಯದು ಅಗ್ಗ, ಸುಲಭ. ಚಿಕ್ಕ ತರಗತಿಗೆ ಅದೇ ಸಾಕೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಅದು ಸಾಮಾನ್ಯವಾಗಿ ಎ-3 ಹಾಳೆಗಿಂತ ದೊಡ್ಡದನ್ನು ಒಂದೇ ನೋಟಕ್ಕೆ ಹಿಡಿಯಲಾರದು, ಅದರ ತೋಳು ಮಕ್ಕಳಿಗೂ ತೆರೆಗೂ ನಡುವೆ ಅಡ್ಡ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಇದೊಂದು ಸಣ್ಣ ವಿಷಯವಲ್ಲ. ಕಲಬುರಗಿಯಿಂದ ಸೇಡಂ ರಸ್ತೆಯನ್ನು ಹಿಡಿದು, ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವನ್ನು ದಾಟಿ ಮುಂದೆ ಸಾಗಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ನೆಲವಿದು. ಇತ್ತ ಚಿತ್ತಾಪುರ ತಾಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ 1986ರಲ್ಲಿ ಅಶೋಕನ ಶಾಸನಗಳನ್ನು ಹೊತ್ತ ಕಲ್ಲು ಬೆಳಕಿಗೆ ಬಂದಿತು. ಇಂತಹ ಶಾಸನಗಳ ಪಡಿಯಚ್ಚು ಗಜಗಟ್ಟಲೆ ಉದ್ದವಿರುತ್ತದೆ. ಅದನ್ನು ಮೇಜಿನ ಮೇಲೆ ಹಾಸಿ ಇಡಿಯಾಗಿಯೂ ಬಿಡಿಯಾಗಿಯೂ ತೋರಿಸಬೇಕಾದರೆ ಛಾವಣಿಯ ಕಣ್ಣೇ ಬೇಕು. ಮೇಲಾಗಿ ಇದು ಹಾಳೆಗೆ ಮಾತ್ರ ಮೀಸಲಲ್ಲ. ದೂರದಿಂದ ನೋಡುವುದರಿಂದ ಇದಕ್ಕೆ ಎತ್ತರ ತಗ್ಗುಗಳೆರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ವಿಜ್ಞಾನದ ಅಧ್ಯಾಪಕರು ತೊಗರಿಯ ಹೂವನ್ನಾಗಲಿ ಕಮಲಾಪುರದ ಕೆಂಪು ಬಾಳೆಯ ಸೀಳನ್ನಾಗಲಿ ಹಾಗೆಯೇ ಇಟ್ಟು ಪಾಠ ಹೇಳಬಹುದು.

ಇನ್ನು ನಿಲ್ಲಿಸುವ ವಿಚಾರ. ತಲೆಯ ಮೇಲೆ ತೂಗುವ ವಸ್ತುವಿನ ಮೊದಲ ಧರ್ಮ ಬೀಳದಿರುವುದು. ನಗರದ ಹೊಸ ಕಟ್ಟಡಗಳಲ್ಲಿ ಹುಸಿ ಛಾವಣಿ ಹಾಕುವ ರೂಢಿ ಬೆಳೆದಿದೆ. ಆ ಜಿಪ್ಸಂ ಹಲಗೆ ತನ್ನ ಭಾರವನ್ನು ಹೊರುವುದಕ್ಕೆ ಮಾತ್ರ ಮಾಡಿದ್ದು. ಅದಕ್ಕೆ ತಿರುಪು ಹಾಕಿ ಉಪಕರಣವನ್ನು ತೂಗಹಾಕುವುದು ಸರ್ವಥಾ ಕೂಡದು. ಹಲಗೆಯಲ್ಲಿ ರಂಧ್ರ ಮಾಡಿ, ಅದರಾಚೆಯ ಕಾಂಕ್ರೀಟ್ ಸ್ಲ್ಯಾಬಿಗೆ ಆಂಕರ್ ಬೋಲ್ಟುಗಳನ್ನು ಹೂಡಿ, ಅದರಿಂದ ಕಂಬಿಯನ್ನು ಇಳಿಬಿಡಬೇಕು. ಹಳೆಯ ಕಟ್ಟಡಗಳ ಸಮಸ್ಯೆ ಬೇರೆ. ಶಹಾಬಾದಿ ಫರಸಿಯನ್ನು ಕಬ್ಬಿಣದ ಗರ್ಡರುಗಳ ಮೇಲೆ ಹಾಸಿದ ಮಾಳಿಗೆಗಳು ನಮ್ಮ ಭಾಗದಲ್ಲಿ ಉಂಟಷ್ಟೆ. ಈ ಸುಣ್ಣಕಲ್ಲು ಪದರು ಪದರಾಗಿ ಒಡೆಯುವ ಸ್ವಭಾವದ್ದು, ಆದುದರಿಂದಲೇ ಅದು ನೆಲಹಾಸಿಗೆ ಅಷ್ಟು ಚೆನ್ನ. ಕೆಳಗಿನಿಂದ ಅದಕ್ಕೆ ಬೈರಿಗೆ ಹಿಡಿದರೆ ಬೋಲ್ಟು ಕಚ್ಚಿದಂತೆ ತೋರಿ, ಮುಂದೊಂದು ದಿನ ಕೆಳಪದರನ್ನೇ ಕಿತ್ತುಕೊಂಡು ಬರಬಹುದು. ಅಂತಹ ಕಡೆ ಕಲ್ಲನ್ನು ಮುಟ್ಟದೆ ಗರ್ಡರಿಗೆ ಹಿಡಿಕೆ ಬಿಗಿದು, ಎರಡು ಗರ್ಡರುಗಳ ನಡುವೆ ಅಡ್ಡಪಟ್ಟಿ ಕೊಟ್ಟು, ಅದರಿಂದ ತೂಗಿಸುವುದೇ ಕ್ಷೇಮ. ಛಾವಣಿ ಯಾವ ಬಗೆಯದಾದರೂ ಮುಖ್ಯ ಬೋಲ್ಟುಗಳಿಗೆ ಸಂಬಂಧವಿಲ್ಲದ ಬೇರೊಂದು ಆಧಾರಕ್ಕೆ ಉಕ್ಕಿನ ಸಣ್ಣ ಹಗ್ಗವನ್ನು ಕಟ್ಟಿ ಉಪಕರಣಕ್ಕೆ ಸೇರಿಸಿರಬೇಕು. ಬೋಲ್ಟು ಸಡಿಲಿದರೂ ಹಗ್ಗ ಹಿಡಿದೀತು. ಕ್ಯಾಮೆರಾವನ್ನು ಏರಿಸುವ ಮೊದಲು ಅದರ ನಾಲ್ಕು ಪಟ್ಟು ತೂಕದ ಮರಳಿನ ಚೀಲವನ್ನು ಆ ಕಂಬಿಗೆ ಒಂದು ದಿನ ತೂಗುಬಿಟ್ಟು ನೋಡುವುದು ಲೇಸು. ಆ ದಿನ ಕೋಣೆಗೆ ಬೀಗ ಹಾಕಿರಬೇಕು.

ಪಂಖದ ಮಾತು ಇಲ್ಲಿಯೇ ಬರಬೇಕು. ನಮ್ಮ ಬೇಸಿಗೆಯಲ್ಲಿ ಪಂಖವಿಲ್ಲದ ತರಗತಿ ಕಲ್ಪನಾತೀತ. ಆದರೆ ಪಂಖ ಮತ್ತು ಕ್ಯಾಮೆರಾ ಒಂದೇ ಗರ್ಡರಿಗೆ ನೇತುಬಿದ್ದರೆ ಪಂಖದ ನಡುಕ ತೆರೆಯ ಮೇಲೆ ಹತ್ತು ಪಟ್ಟಾಗಿ ಕಾಣುತ್ತದೆ, ಅಕ್ಷರಗಳು ಜ್ವರ ಬಂದವರಂತೆ ಕಂಪಿಸುತ್ತವೆ. ಪಂಖದ ಮೇಲ್ಗಡೆ ದೀಪವಿದ್ದರೆ ರೆಕ್ಕೆಗಳ ನೆರಳು ಮೇಜಿನ ಮೇಲೆ ಓಡಾಡುತ್ತದೆ. ಮೇಜಿನ ನೆತ್ತಿಯ ಮೇಲಿನ ಪಂಖವನ್ನು ಬೇರೆಡೆಗೆ ಸರಿಸುವುದೊಂದೇ ಇದಕ್ಕೆ ಪರಿಹಾರ. ಓಲೆಗರಿಯೂ ಪಡಿಯಚ್ಚೂ ಗಾಳಿಗೆ ಹಾರದೆ ಉಳಿಯುವ ಲಾಭವೂ ಇದರಿಂದ ಉಂಟು.

ಏಣಿ ಹತ್ತುವಾಗ ಪಂಖದ ಗುಂಡಿಯನ್ನು ಮಾತ್ರವಲ್ಲ, ಆ ಕೋಣೆಯ ಎಂ.ಸಿ.ಬಿ.ಯನ್ನೇ ಕೆಳಗಿಳಿಸಿ, ‘ಮೇಲೆ ಕೆಲಸ ನಡೆದಿದೆ’ ಎಂಬ ಚೀಟಿಯನ್ನು ಅಲ್ಲಿ ತೂಗಹಾಕಬೇಕು. ಗೋಡೆಗೆ ಒರಗಿಸುವ ಏಣಿಯಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹಿಂದಿರಲಿ. ನಯವಾದ ಫರಸಿ ನೆಲದ ಮೇಲೆ ಅದು ಜಾರುತ್ತದೆಯಾದ್ದರಿಂದ ಕೆಳಗೆ ಒಬ್ಬರು ಹಿಡಿದಿರಲೇಬೇಕು. ಬೆಂಚಿನ ಮೇಲೆ ಕುರ್ಚಿ ಇಟ್ಟು ಹತ್ತುವ ಪದ್ಧತಿ ನಮ್ಮ ಶಾಲೆಗಳಲ್ಲಿ ಎಷ್ಟು ಸಾಮಾನ್ಯವೋ ಅಷ್ಟೇ ಖಂಡನೀಯ. ವಿದ್ಯಾರ್ಥಿಗಳನ್ನಂತೂ ಈ ಕೆಲಸಕ್ಕೆ ಹಚ್ಚತಕ್ಕದ್ದಲ್ಲ.

ವಿದ್ಯುತ್ ಕೆಲಸ ಪರವಾನಗಿ ಪಡೆದವನಿಂದಲೇ ಆಗಬೇಕು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ತಿಳಿಯಬಾರದು. ಮೂರನೆಯ ತಂತಿ ಎಲ್ಲಿಗೂ ಹೋಗದೆ ಗೋಡೆಯೊಳಗೆ ಕೊನೆಗೊಂಡಿರುವ ಕಟ್ಟಡಗಳು ಬೇಕಾದಷ್ಟಿವೆ. ಅಳೆದು ನೋಡಿಸಬೇಕು. 230 ವೋಲ್ಟಿನ ತಂತಿಯನ್ನೂ ಚಿತ್ರವನ್ನು ಒಯ್ಯುವ ತಂತಿಯನ್ನೂ ಒಂದೇ ಕೊಳವೆಯಲ್ಲಿ ತೂರಿಸುವುದು ತಪ್ಪು: ಅಪಾಯವೂ ಹೌದು, ಚಿತ್ರದಲ್ಲಿ ಗೆರೆಗಳೂ ಬರುತ್ತವೆ. ಸಾಮಾನ್ಯ ಎಚ್.ಡಿ.ಎಂ.ಐ. ತಂತಿ ಹತ್ತು ಮೀಟರ್ ದಾಟಿದರೆ ಸೊರಗುವುದರಿಂದ ದೊಡ್ಡ ಕೋಣೆಗಳಲ್ಲಿ ನೆಟ್‌ವರ್ಕ್ ತಂತಿಯನ್ನೂ ಎರಡು ತುದಿಗಳಿಗೆ ಪರಿವರ್ತಕಗಳನ್ನೂ ಬಳಸುವುದು ವಾಸಿ. ಕರೆಂಟು ಹೋಗಿ ಬರುವಾಗಿನ ಹೊಡೆತವನ್ನು ತಡೆಯಲು ಒಂದು ಯು.ಪಿ.ಎಸ್. ಬೇಕು. ಇಂತಹ ಉಪಕರಣಗಳು ಸಾಮಾನ್ಯವಾಗಿ 35ರಿಂದ 40 ಡಿಗ್ರಿಯವರೆಗಿನ ಶಾಖಕ್ಕೆ ತಕ್ಕಂತೆ ಮಾಡಿದವು. ನಮ್ಮಲ್ಲಿ ವೈಶಾಖದ ಮಧ್ಯಾಹ್ನ ಹೊರಗೇ 42 ಡಿಗ್ರಿ ದಾಟುವುದುಂಟು. ಬಿಸಿಗಾಳಿ ಮೇಲಕ್ಕೇರುವುದರಿಂದ ಮಾಳಿಗೆಯ ಬುಡದಲ್ಲಿ ಇನ್ನೂ ಹೆಚ್ಚು. ಆ ದಿನಗಳಲ್ಲಿ ಯಂತ್ರದ ಪಾಠವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ.

ದೃಷ್ಟಿಯ ಲೆಕ್ಕವನ್ನು ಗಣಿತದ ಅಧ್ಯಾಪಕರು ಮಕ್ಕಳಿಂದಲೇ ಮಾಡಿಸಬಹುದು. ಕಾಣುವ ಅಗಲ ಎಂದರೆ, ದೂರದ ಎರಡರಷ್ಟನ್ನು ನೋಟದ ಕೋನದ ಅರ್ಧದ ಟ್ಯಾಂಜೆಂಟಿನಿಂದ ಗುಣಿಸಿದಷ್ಟು. ಮಸೂರದಿಂದ ಮೇಜಿಗೆ 2 ಮೀಟರ್ ದೂರ, ಕೋನ 60 ಡಿಗ್ರಿ ಇದ್ದರೆ ಸುಮಾರು 2.3 ಮೀಟರ್ ಅಗಲ ಕಾಣುತ್ತದೆ. ನಲವತ್ತು ಸೆಂಟಿಮೀಟರ್ ಉದ್ದದ ಗರಿ ಮಾತ್ರ ತೆರೆಯ ತುಂಬ ಕಾಣಬೇಕಾದರೆ ಅದನ್ನು ಸುಮಾರು ಆರು ಪಟ್ಟು ಹತ್ತಿರಕ್ಕೆ ತರಬೇಕು. ಈ ಆರು ಪಟ್ಟು ಮಸೂರಗಳ ಚಲನೆಯಿಂದ ದೊರೆಯುವಂಥದಾಗಿರಬೇಕು. ಡಿಜಿಟಲ್ ಜೂಮ್ ಎಂಬುದು ಇರುವ ಚುಕ್ಕೆಗಳನ್ನೇ ಹಿಗ್ಗಿಸುವುದು, ಹೊಸದೇನನ್ನೂ ತೋರಿಸುವುದಿಲ್ಲ. ಅಡ್ಡಕ್ಕೆ 1920 ಚುಕ್ಕೆಗಳ ಕ್ಯಾಮೆರಾದಲ್ಲಿ ಆ ಗರಿಯ ಒಂದು ಮಿಲಿಮೀಟರಿಗೆ 4.8 ಚುಕ್ಕೆ, ಎಂದರೆ ಮೂರು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಹದಿನಾಲ್ಕೇ ಚುಕ್ಕೆ. 3840 ಚುಕ್ಕೆಯದರಲ್ಲಿ ಇಪ್ಪತ್ತೊಂಬತ್ತು ಸಿಗುತ್ತವೆ. ಪ್ರೊಜೆಕ್ಟರು 1024 ಚುಕ್ಕೆಯ ಹಳೆಯದಾದರೆ ಈ ವೈಭವವೆಲ್ಲ ಅಲ್ಲಿಯೇ ಸೋರಿಹೋಗುತ್ತದೆ.

ಅಂಗಡಿಯವರು ಬಣ್ಣದ ಚಿತ್ರವನ್ನು ತೋರಿಸಿ ಒಪ್ಪಿಸುತ್ತಾರೆ. ಕನ್ನಡ ಶಾಲೆಯ ಪರೀಕ್ಷೆ ಅದಲ್ಲ. ಒಂದು ಹಾಳೆಯ ಮೇಲೆ ದ, ಧ, ಪ, ಫ, ಷ ಎಂಬ ಅಕ್ಷರಗಳನ್ನೂ ‘ರಾಷ್ಟ್ರ’, ‘ಸ್ತ್ರೀ’ ಎಂಬ ಶಬ್ದಗಳನ್ನೂ ಸಣ್ಣದಾಗಿ ಬರೆದು ಇಟ್ಟು, ಕೊನೆಯ ಬೆಂಚಿನ ಹುಡುಗನಿಂದ ಓದಿಸಬೇಕು. ದಕಾರದ ಕೆಳಗಿನ ಸೀಳು ಕಾಣದೆ ‘ಧನ’ವು ‘ದನ’ವಾದರೆ ಆ ಉಪಕರಣವನ್ನು ಒಪ್ಪಿಕೊಳ್ಳಬಾರದು.

ಕ್ಯಾಮೆರಾ ಮೇಜಿಗೆ ಲಂಬವಾಗಿರುವುದನ್ನು ಗೌಂಡಿಯ ತೂಗುಗುಂಡಿನಿಂದ ನೋಡಿ, ಗ್ರಾಫ್ ಹಾಳೆಯನ್ನಿಟ್ಟು ಪರೀಕ್ಷಿಸಿದರೆ ಚೌಕಗಳು ಓರೆಯಾಗದೆ ಬರುತ್ತವೆ. ಮೆನುವಿನಲ್ಲಿ 50 ಹರ್ಟ್ಸ್ ಎಂಬುದನ್ನು ಆರಿಸತಕ್ಕದ್ದು. ನಮ್ಮ ವಿದ್ಯುತ್ತಿನಲ್ಲಿ ಸಾಧಾರಣ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ಕಾರ್ಖಾನೆಯಿಂದ 60ಕ್ಕೆ ಹೊಂದಿಸಿ ಬಂದ ಕ್ಯಾಮೆರಾ ಈ ತಾಳಕ್ಕೆ ಹೊಂದದೆ ತೆರೆಯ ಮೇಲೆ ಕಪ್ಪು ಪಟ್ಟೆಗಳನ್ನು ಉರುಳಿಸುತ್ತದೆ. ಯಂತ್ರ ಕೆಟ್ಟಿತೆಂದು ಹಿಂದಕ್ಕೆ ಕಳಿಸುವ ಮುನ್ನ ಇದನ್ನು ನೋಡಬೇಕು. ಕೈ ಆಡಿಸಿದಾಗಲೆಲ್ಲ ಚಿತ್ರ ಮಸುಕಾಗುತ್ತಿದ್ದರೆ, ಒಮ್ಮೆ ಸ್ಪಷ್ಟಗೊಳಿಸಿ ಫೋಕಸ್ಸನ್ನು ಅಲ್ಲಿಗೇ ಕಟ್ಟಿಬಿಡಬೇಕು.

ಬೆಳಕಿನ ವಿಷಯದಲ್ಲಿ ಓಲೆಗರಿ ಮತ್ತು ಕಾಗದ ಭಿನ್ನ. ಹೊಳಪಿನ ಕಾಗದಕ್ಕೆ ನೆತ್ತಿಯ ದೀಪ ಶತ್ರು, ಅದರ ಪ್ರತಿಬಿಂಬ ನೇರವಾಗಿ ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ. ಎರಡು ಪಕ್ಕಗಳಿಂದ ಓರೆಯಾಗಿ ಬೆಳಕು ಕೊಡಬೇಕು. ಓಲೆಯಲ್ಲಾದರೋ ಲಿಪಿಕಾರನು ಕಂಟದಿಂದ ಗೀರಿ, ಅನಂತರ ಮಸಿಯನ್ನು ಸವರಿ ಒರೆಸಿರುತ್ತಾನೆ. ಮಸಿ ಮಾಸಿಹೋದ ಗರಿಯಲ್ಲಿ ಗೀರು ಮಾತ್ರ ಉಳಿದಿರುತ್ತದೆ. ಆಗ ಮೇಲಿನ ದೀಪಗಳನ್ನೆಲ್ಲ ಆರಿಸಿ, ಮೇಜಿನ ಮಟ್ಟದಲ್ಲಿ ಒಂದೇ ಪಕ್ಕದಿಂದ ಎಲ್.ಇ.ಡಿ. ದೀಪವನ್ನು ಹಿಡಿದರೆ ಪ್ರತಿಯೊಂದು ಗೀರೂ ತನ್ನ ನೆರಳನ್ನು ತಾನೇ ಚೆಲ್ಲಿಕೊಂಡು ಎದ್ದು ನಿಲ್ಲುತ್ತದೆ. ಬರಿಗಣ್ಣಿಗೆ ಖಾಲಿಯೆಂದು ತೋರಿದ ಗರಿಯ ಮೇಲೆ ತೆರೆಯಲ್ಲಿ ಸಾಲುಗಳು ಮೂಡುವುದನ್ನು ಮಕ್ಕಳು ಕಂಡರೆ ಹಳಗನ್ನಡದ ಮೇಲೆ ಆದರ ಹುಟ್ಟಿಸಲು ಬೇರೆ ಉಪನ್ಯಾಸ ಬೇಡ. ಆದರೆ ಬೆಳಕು ಹಳೆಯ ವಸ್ತುಗಳನ್ನು ಕ್ರಮೇಣ ಸವೆಸುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇಂತಹವಕ್ಕೆ 50 ಲಕ್ಸ್ ಮೀರಬಾರದೆಂಬ ರೂಢಿಯುಂಟು, ಕ್ಯಾಮೆರಾಕ್ಕೆ ಅದು ಸಾಲದು. ಇದಕ್ಕೆ ದಾರಿಯೆಂದರೆ, ಗರಿಯನ್ನಿಟ್ಟು ಬೆಳಕು ಕೊಟ್ಟು ಕೂಡಲೇ ‘ಫ್ರೀಜ್’ ಗುಂಡಿಯನ್ನೊತ್ತಿ, ದೀಪವಾರಿಸಿ ಗರಿಯನ್ನು ಪೆಟ್ಟಿಗೆಗೆ ಸೇರಿಸಿಬಿಡುವುದು. ಪಾಠ ನಿಂತ ಚಿತ್ರದ ಮೇಲೆ ನಡೆಯಲಿ. ಆ ಚಿತ್ರವನ್ನು ಉಳಿಸಿಟ್ಟರೆ ಮುಂದಿನ ವರ್ಷ ಗರಿಯನ್ನು ಮುಟ್ಟುವ ಅಗತ್ಯವೇ ಇರದು.

ಛಾವಣಿಯ ಕಣ್ಣಿಗೆ ಮೇಜಿನ ಮೇಲಿನ ಎಲ್ಲವೂ ಕಾಣುತ್ತದೆ ಎಂಬುದನ್ನು ಮರೆಯಬಾರದು. ಮಗುವಿನ ಉತ್ತರಪತ್ರಿಕೆಯಾಗಲಿ ಅಂಕಗಳ ಪಟ್ಟಿಯಾಗಲಿ ತೆರೆಯ ಮೇಲೆ ಬಂದರೆ ಆ ಮಗುವಿನ ಮಾನದ ಪ್ರಶ್ನೆ. ತಪ್ಪನ್ನು ತಿದ್ದಿ ತೋರಿಸಬೇಕಾದಾಗ ಹೆಸರಿರುವ ಭಾಗದ ಮೇಲೆ ರಟ್ಟಿನ ತುಂಡನ್ನಿಡಬೇಕು. ಪಾಠ ಮುಗಿದೊಡನೆ ಕ್ಯಾಮೆರಾವನ್ನು ಆರಿಸಬೇಕು. ಕೆಲವು ಮಾದರಿಗಳಲ್ಲಿ ನೋಟದ ಎಲ್ಲೆಯನ್ನು ಬೆಳಕಿನಿಂದಲೇ ಮೇಜಿನ ಮೇಲೆ ಗುರುತಿಸುವ ಸೌಕರ್ಯವಿರುತ್ತದೆ. ಆ ಪ್ರಖರ ದೀಪದತ್ತ ತಲೆಯೆತ್ತಿ ನೋಡಬಾರದೆಂದು ಮಕ್ಕಳಿಗೆ ಮೊದಲ ದಿನವೇ ತಿಳಿಸಿರಬೇಕು.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಉಪಕರಣವನ್ನು ಕೊಡಿಸಿ ಅದರ ಮೇಲೆ ಹಿರಿಯರ ಹೆಸರನ್ನು ಬರೆಸುವ ಮಹನೀಯರು ನಮ್ಮಲ್ಲಿ ಅನೇಕರಿದ್ದಾರೆ. ಅರ್ಥಿಂಗಿನ ಗುಂಡಿಗೆ, ಉಕ್ಕಿನ ಹಗ್ಗಕ್ಕೆ, ಯು.ಪಿ.ಎಸ್.ನ ಬ್ಯಾಟರಿಗೆ ಹೆಸರು ಬರೆಸಲು ಯಾರೂ ಮುಂದೆ ಬರುವುದಿಲ್ಲ, ಆ ಗುಂಡಿಯಾದರೋ ನೆಲದೊಳಗೆ ಕಾಣದೆಯೇ ಇರುವುದು. ಆದರೂ ಉಪಕರಣಕ್ಕೆಂದು ಕೊಡುವ ಹಣದಲ್ಲಿ ಒಂದು ಪಾಲನ್ನು ಈ ಕಾಣದ ಕೆಲಸಗಳಿಗೆಂದೇ ಬರೆದುಕೊಟ್ಟರೆ ಮುಖ್ಯೋಪಾಧ್ಯಾಯರಿಗೆ ದೊಡ್ಡ ಉಪಕಾರವಾದೀತು.

ಪಾಲನೆಯ ಕ್ರಮ ಹೆಚ್ಚಿನದಲ್ಲ. ಸಿಮೆಂಟಿನ ಮತ್ತು ಸುಣ್ಣಕಲ್ಲಿನ ಧೂಳು ಈ ರಸ್ತೆಯ ಆಸುಪಾಸಿನವರಿಗೆ ಹೊಸದಲ್ಲ. ಆ ಧೂಳನ್ನು ಬಟ್ಟೆಯಿಂದ ತಿಕ್ಕಿದರೆ ಮಸೂರಕ್ಕೆ ಗೀರು ಬೀಳುವುದರಿಂದ ಮೊದಲು ರಬ್ಬರ್ ಬುರುಡೆಯ ಗಾಳಿಯಿಂದ ಊದಿ, ಆಮೇಲೆ ಮೆತ್ತನೆಯ ಅರಿವೆಯಿಂದ ಒರೆಸಬೇಕು. ಸಿಡಿಲು ಮಳೆಯ ಸೂಚನೆ ಕಂಡರೆ ಪ್ಲಗ್ಗನ್ನು ಕಿತ್ತಿಡಬೇಕು. ಬೇಸಿಗೆಯ ರಜೆ ಮುಗಿದು ಶಾಲೆ ತೆರೆಯುವುದಕ್ಕೆ ಮೊದಲಿನ ವಾರದಲ್ಲಿ ಬೋಲ್ಟು, ಹಗ್ಗ, ಅರ್ಥಿಂಗ್ ಮೂರನ್ನೂ ಪರೀಕ್ಷೆ ಮಾಡಿಸಿ, ನೋಡಿದವರ ಹೆಸರನ್ನೂ ದಿನಾಂಕವನ್ನೂ ಒಂದು ವಹಿಯಲ್ಲಿ ಬರೆಯಿಸಿ, ಆ ವಹಿಯನ್ನು ಕಚೇರಿಯ ಕಪಾಟಿನಲ್ಲಿಡದೆ ಅದೇ ಕೋಣೆಯ ಸ್ವಿಚ್ ಹಲಗೆಯ ಪಕ್ಕದ ಮೊಳೆಗೆ ತೂಗಹಾಕತಕ್ಕದ್ದು.